ಮೂರನೆಯ ಮನೆ

ಸರ್ಕಾರಗಳು ಅರ್ಜಿ ಬದಲಿಸುತ್ತಲೇ ಇರುತ್ತವೆ. ಅದನ್ನು ಜನರಿಗೆ ತಿಳಿಸಿ ಹೇಳುವ ಕೆಲಸವನ್ನು ನನ್ನಂಥವರಿಗೆ ಬಿಡುತ್ತವೆ. ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ. ಪಾಸ್‌ಪೋರ್ಟು, ವೀಸಾ ಅರ್ಜಿ ತುಂಬಿ ಕೊಡುತ್ತೇನೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಇದಕ್ಕೇ ಇರಬೇಕು. ಹೆಸರು, ವಿಳಾಸ ಬರೆಯುವಾಗ ಯಾರೂ ತಕರಾರು ತೆಗೆಯುವುದಿಲ್ಲ. ಗಂಡೋ ಹೆಣ್ಣೋ ಎಂಬಲ್ಲಿಗೆ ಬಂದಾಗಲೇ ಎಲ್ಲ ಶುರು.

ಸಾವಕಾರರ ಮೀಸೆ

ಇಚಲಕರಂಜಿಯ ಮಗ್ಗದ ಸಾವಕಾರರೊಬ್ಬರು ಪಾಸ್‌ಪೋರ್ಟಿಗೆ ಬಂದರು. ಹೊರದೇಶದಲ್ಲಿ ಹೊಸ ಮಗ್ಗಗಳ ಪ್ರದರ್ಶನ ನೋಡುವ ಆಸೆ. ನಾನು ಓದಿದೆ: ಗಂಡು, ಹೆಣ್ಣು, ತೃತೀಯ ಲಿಂಗಿ.

“ಅಹೋ ಸರ, ಮೂರನೇದು ಯಾಕ ಓದಿದ್ರಿ? ನನ್ನ ಮೀಸಿ ಕಾಣವಲ್ದೇನು?”

“ಎಲ್ಲಾರಿಗೂ ಓದತೇನ್ರಿ.”

ಅವರು ಮೀಸೆಯ ಮೇಲೆ ಕೈಯಿಟ್ಟು ಕಂಪ್ಯೂಟರಿನ ಪರದೆ ನೋಡಿದರು. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು ದನಿ ತಗ್ಗಿಸಿದರು.

“ಅದರಾಗ ಸಬ್ಸಿಡಿ ಐತೇನ್ರಿ?”

ಪುರಾವೆ

ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ದುಡಿಯುವವನೊಬ್ಬನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ಹೆಂಡತಿಯ ಪಾಸ್‌ಪೋರ್ಟಿನ ಅರ್ಜಿಯನ್ನು ಬೇರೆ ಯಾರೋ ತುಂಬಿದ್ದರು. ಅದರಲ್ಲಿ ಆಕೆ ಗಂಡಸು. ಮದುವೆ ಪತ್ರ ತೋರಿಸಿದರೂ, ಕಂಕುಳಲ್ಲಿ ಕೂಸಿದ್ದರೂ, ಕಚೇರಿಯವರು ಹೆಣ್ಣೆಂಬುದಕ್ಕೆ ಬೇರೆ ಪುರಾವೆ ತನ್ನಿ ಎಂದು ಕಳಿಸಿದರು. ಇಬ್ಬರೂ ನನ್ನ ಅಂಗಡಿಗೆ ಬಂದರು.

“ತಿದ್ದಾಕ ಎಷ್ಟ ದಿನ ಹಿಡೀತೈತ್ರಿ?” ಗಂಡ ಕೇಳಿದ.

“ತಿಂಗಳಾದರೂ ಆಗಬಹುದು.”

ಅಲ್ಲಿಯವರೆಗೆ ಗಂಡನಿಗೆ ‘ರೀ’ ಬಿಟ್ಟು ಮಾತಾಡದಿದ್ದ ಹೆಂಡತಿ ಕೂಸನ್ನು ಅವನ ತೊಡೆಗೆ ದಾಟಿಸಿದಳು.

“ಅಲ್ಲೀಮಟ ನಾನೂ ಗಂಡಸ. ನಡಿ, ಮನಿಗೆ ಹೋಗಿ ಅಡಗಿಗೆ ನಿಂದ್ರು.”

ನೋಟೀಸು

ನೇಸರಿ ಊರಿನ ಜೋಗವ್ವ ಗಂಡಾಗಿ ಹುಟ್ಟಿ, ಮೀಸೆ ಚಿಗುರುವ ವಯಸ್ಸಿಗೆ ಎಲ್ಲಮ್ಮನ ಹೆಸರಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವಳು. ಚೌಡಕಿ ಬಾರಿಸಿ ಹಾಡುತ್ತಾಳೆ. ಹಾಡು ಕೇಳಿದ ಯಾರೋ ಅವಳನ್ನು ಹೊರದೇಶದ ಜಾನಪದ ಉತ್ಸವಕ್ಕೆ ಕರೆಸಿದರು. ಸಾಯುವುದಾದರೆ ಒಮ್ಮೆ ವಿಮಾನ ಹತ್ತಿಯೇ ಸಾಯುತ್ತೇನೆ ಎನ್ನುತ್ತಿದ್ದಳು.

ಪಾಸ್‌ಪೋರ್ಟಿನಲ್ಲಿ ಮೂರನೆಯ ಚೌಕಕ್ಕೆ ಗುರುತು ಹಾಕಿದೆ. ಚೌಕಾಬಾರ ಆಟದ ಮನೆ ನೋಡಿದಂತೆ ಅದನ್ನೇ ನೋಡಿದಳು. “ನಂಗೂ ಒಂದ ಮನಿ ಇಟ್ಟಾರಲ್ಲೋ ತಮ್ಮಾ!” ಎಂದು ಅಂಗಡಿ ಸಾಲಿಗೆಲ್ಲ ಪೇಢೆ ಹಂಚಿದಳು.

ಆ ದೇಶದ ವೀಸಾ ಅರ್ಜಿಯಲ್ಲೂ ಮೂರು ಮನೆ ಇದ್ದವು. ಅರ್ಧ ತುಂಬಿ ಇಟ್ಟೆ. ಮರುವಾರ ತೆರೆದರೆ ಎರಡೇ. ಅಲ್ಲಿಯ ಸರ್ಕಾರ ನಿಯಮ ಬದಲಿಸಿತ್ತು. ಹುಟ್ಟಿದಾಗ ಏನಿತ್ತೋ ಅದನ್ನೇ ಬರೆಯಬೇಕಂತೆ. ಗಂಡು ಎಂದರೆ ಫೋಟೋದಲ್ಲಿ ಸೀರೆ. ಹೆಣ್ಣು ಎಂದರೆ ಸುಳ್ಳು ಹೇಳಿದಂತೆ, ಮತ್ತೆಂದೂ ಒಳಗೆ ಬಿಡುವುದಿಲ್ಲ. ಏನೂ ಬರೆಯದಿದ್ದರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ.

“ಮೂರನೇ ಮನಿ ತಗದಾರ ಅವ್ವಾ.”

“ತಗದ್ರ? ಒಳಗಿದ್ದಾವ್ರು ಎಲ್ಲಿ ಹೋಗಬೇಕಂತ?”

“ಅದನ್ನ ಬರದಿಲ್ಲ.”

“ಮನಿ ಕೆಡವೂ ಮುಂದ ನಮ್ಮ ಪಂಚಾಯ್ತ್ಯಾವ್ರು ನೋಟೀಸರ ಕೊಡತಾರ,” ಎಂದಳು.

ಭಂಡಾರ

‘ಗಂಡು’ ಎಂದು ಗುರುತು ಹಾಕಿ ಜೋಗವ್ವನನ್ನು ಮುಂಬೈಗೆ ಕರೆದುಕೊಂಡು ಹೋದೆ. ವೀಸಾ ಸಂದರ್ಶನಕ್ಕೆ ಉದ್ದ ಸಾಲು. ಸಾಂಗ್ಲಿ ಕಡೆಯ ಹೆಂಗಸೊಬ್ಬಳು ಜೋಗವ್ವನ ಕೊರಳ ಮುತ್ತು ನೋಡಿದ್ದೇ ಕಾಲಿಗೆ ಬಿದ್ದಳು. ಜೋಗವ್ವ ಚೀಲದಿಂದ ಎಲ್ಲಮ್ಮನ ಭಂಡಾರದ ಅರಿಶಿನ ತೆಗೆದು ಅವಳ ಹಣೆಗೆ ಹಚ್ಚಿದಳು. ಹಿಂದಿದ್ದವರೂ ತಲೆ ಬಗ್ಗಿಸಿದರು, ಟೈ ಕಟ್ಟಿದವರು ಸಹ. ಸಾಲಿಗೆ ಸಾಲೇ ಅರಿಶಿನ ಬಳಿದುಕೊಂಡು ಒಳಗೆ ಹೋಯಿತು.

ಗಂಡು ಎಂದು ಬರೆದು ಸೀರೆ ಯಾಕೆ ಉಟ್ಟಿದ್ದೀರಿ ಎಂದು ಅಧಿಕಾರಿ ಕೇಳಿದನಂತೆ.

“ಫಾರ್ಮ್ ನಿಮ್ದು, ಸೀರಿ ನಂದು ಅಂದೆ,” ಎಂದು ಹೊರಬಂದು ಹೇಳಿದಳು.

ಇನ್ನಷ್ಟು ಪರಿಶೀಲನೆ ಬೇಕೆಂದು ಅರ್ಜಿ ಇಟ್ಟುಕೊಂಡರು. ಉತ್ಸವ ಮುಗಿಯಿತು. ಆಮೇಲೆ ವೀಸಾ ಇಲ್ಲ ಎಂಬ ಉತ್ತರ ಬಂತು. ಪೇಢೆ ತಿಂದ ಅಂಗಡಿ ಸಾಲಿನವರು ಅವತ್ತು ಜೋಗವ್ವನಿಗೆ ಚಹಾ ತರಿಸಿಕೊಟ್ಟರು.

ಸಾಂಗ್ಲಿಯವಳಿಗೆ ಮಾತ್ರ ವೀಸಾ ಸಿಕ್ಕಿತ್ತು. ಭಂಡಾರದಿಂದಲೇ ಸಿಕ್ಕಿತೆಂದು ಊರೂರಿಗೆ ಹೇಳಿದಳು. ಈಗ ಸಂತೆಯ ದಿನ ಜನ ಜೋಗವ್ವನನ್ನು ಹುಡುಕಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ನಾನು ಇದನ್ನೆಲ್ಲ ನಂಬುವವನಲ್ಲ. ಅವಳಿಗೊಂದು ಕುರ್ಚಿ ಹಾಕಿಸಿಕೊಟ್ಟಿದ್ದೇನೆ, ಅಷ್ಟೆ.

ಮೊನ್ನೆ ಅದೇ ಮಗ್ಗದ ಸಾವಕಾರರು ವೀಸಾಕ್ಕೆಂದು ಬಂದವರು ಮೊದಲು ಅವಳ ಮುಂದೆ ಹಣೆ ಒಡ್ಡಿದರು.

“ಆಕೀಗೇ ವೀಸಾ ಸಿಕ್ಕಿಲ್ರಿ,” ಎಂದೆ.

“ಅದು ಫಾರ್ಮಿನ ದೋಷ ರೀ. ಅವ್ವನ ಕೈಗುಣಕ್ಕೇನಾಗೈತಿ?”

ಜೋಗವ್ವ ಚಿಟಿಕೆ ಭಂಡಾರ ಹಿಡಿದು ಅವರ ಹಣೆಯ ಹತ್ತಿರ ಕೈ ನಿಲ್ಲಿಸಿದಳು.

“ತಮ್ಮಾ, ಇವ್ರನ್ನ ಯಾವ ಮನ್ಯಾಗ ಕುಂದ್ರಿಸಿದಿ?”

“ಗಂಡಸರ ಮನ್ಯಾಗ.”

ಮೀಸೆಯಿಂದ ಪಾದದ ತನಕ ಅವರನ್ನು ನಿಧಾನವಾಗಿ ನೋಡಿದಳು.

“ಪುರಾವೆ ನೋಡಿದ್ಯೇನು?”