ಬಲಗಡೆ ದೀಪಕ್ಕೆ ಚಕ್ಕುಲಿ ಹರಕೆ

ಹಳೆ ಕಾರು ಇಟ್ಟುಕೊಂಡವನಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ಬೇಡವೆಂದರೂ ತಿಂಗಳಿಗೊಂದು ಪ್ರಸಂಗ ತಾನಾಗಿಯೇ ಅಂಗಳಕ್ಕೆ ಬಂದು ನಿಲ್ಲುತ್ತದೆ.

ನಾನು ಬಂಟ್ವಾಳದ ಪಕ್ಕದ ನರಿಕೊಂಬಿನವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದು ಈಗ ನಿವೃತ್ತನಾಗಿದ್ದೇನೆ. ಮನೆಯಲ್ಲಿ ಅಪ್ಪನ ಕಾಲದ ಬಿಳಿ ಅಂಬಾಸಿಡರ್ ಇದೆ. ನನ್ನ ಹೆಂಡತಿ ಬೆಳುವಾಯಿಯಿಂದ ಮದುಮಗಳಾಗಿ ಬಂದದ್ದು ಅದರಲ್ಲೇ. ಕಳೆದ ವರ್ಷ ಅದರ ಆರ್‌ಸಿ ಮುಗಿಯುತ್ತ ಬಂತು, ಮುಂದುವರಿಸಲು ಆರ್‌ಟಿಒ ತಪಾಸಣೆಯಲ್ಲಿ ಪಾಸಾಗಬೇಕು. ಎಂಜಿನ್, ಬ್ರೇಕ್, ಹಾರ್ನ್ ಎಲ್ಲ ಗಟ್ಟಿಯಾಗಿಯೇ ಇದ್ದವು. ಹಿಂದಿನ ಎರಡು ದೀಪಗಳ ಕೆಂಪು ಗಾಜು ಮಾತ್ರ ಬಿಸಿಲಿಗೆ ಮಾಸಿ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಗಾಜು ಅನ್ನುವುದು ಬಾಯಿಮಾತಿಗೆ, ನಿಜವಾಗಿ ಅದು ಪ್ಲಾಸ್ಟಿಕ್.

"ಈ ಸಲ ಪಾಸಾಗದಿದ್ರೆ ಗುಜರಿಗೆ ಕೊಟ್ಟು ಬಿಡುವ" ಎಂದಳು ಹೆಂಡತಿ. ಅವಳು ಹೇಳಿದ್ದನ್ನು ಮಾಡುವವಳು.

೧. ಉಗುರಿನ ಬಣ್ಣ

ಬಣ್ಣ ಹೋಗಿದ್ದರೆ ಬಣ್ಣ ಹಚ್ಚಿದರಾಯಿತು, ಡ್ರಾಯಿಂಗ್ ಮಾಸ್ಟ್ರಿಗೆ ಅದೆಂತ ದೊಡ್ಡ ವಿಷಯ ಅಂದುಕೊಂಡೆ. ಆದರೆ ಆಯಿಲ್ ಪೇಂಟ್ ಹಚ್ಚಿದರೆ ಬೆಳಕೇ ಹೊರಗೆ ಬರುವುದಿಲ್ಲ, ವಾಟರ್ ಕಲರ್ ಮೊದಲ ಮಳೆಗೇ ತೊಳೆದುಹೋಗುತ್ತದೆ. ಹುಡುಕಿದಾಗ ಹೆಂಡತಿಯ ಕಪಾಟಿನಲ್ಲಿ ಉಗುರಿಗೆ ಹಚ್ಚುವ ಬಣ್ಣದ ಬಾಟಲಿ ಸಿಕ್ಕಿತು. ತಂಗಿಯ ಮಗಳ ಮದುವೆಗೆಂದು ತಂದದ್ದು. ತೆಳ್ಳಗೆ ಎರಡು ಕೋಟು ಹಚ್ಚಿದೆ. ನನ್ನ ಕೈಕೆಲಸ ನೋಡಿ ನನಗೇ ಹೆಮ್ಮೆಯಾಯಿತು.

ಆರ್‌ಟಿಒ ಆಫೀಸಿನ ಇನ್‌ಸ್ಪೆಕ್ಟರರು ಎಂದೂ ನಗದ ಮನುಷ್ಯ. ದೀಪ ಹಾಕಿಸಿದರು, ಸ್ವಲ್ಪ ಹೊತ್ತು ಕಾದರು. ಬಲ್ಬಿನ ಶಾಖಕ್ಕೆ ಬಣ್ಣ ಗುಳ್ಳೆ ಎದ್ದು ಸಿಪ್ಪೆಯಾಯಿತು. ಅವರು ಒಂದು ಸಿಪ್ಪೆಯನ್ನು ಬೆರಳಲ್ಲಿ ಕಿತ್ತು ಮೂಸಿ ನೋಡಿದರು.

"ಇದು ಉಗುರಿನ ಬಣ್ಣ ಅಲ್ವಾ ಮಾಸ್ಟ್ರೇ?"

"ಹೌದು ಸರ್."

ಕಾಗದದ ಮೇಲೆ ಫೇಲ್ ಎಂದು ಬರೆದು ಸಹಿ ಹಾಕಿದರು. ಆಮೇಲೆ ಅದೇ ಗಂಟುಮುಖದಲ್ಲಿ, "ಬಾಟಲಿ ಮೇಲೆ ಹೆಸರು ಇದ್ರೆ ಬರೆದು ಕೊಡಿ. ನನ್ನ ಹೆಂಡತಿ ಆರು ತಿಂಗಳಿಂದ ಇದೇ ಬಣ್ಣ ಹುಡುಕ್ತಾ ಇದ್ದಾಳೆ" ಎಂದರು.

೨. ಮಸ್ಕತ್ತಿನ ವಿದ್ಯೆ

ನೆರೆಮನೆಯವರು ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿದ್ದು ಬಂದವರು. ಅಲ್ಲಿ ಇಲ್ಲದ ವಿದ್ಯೆ ಇಲ್ಲ. ಸುದ್ದಿ ಕೇಳಿದವರೇ ಮೈ ಒರೆಸುವ ಬೈರಾಸು ಹೆಗಲಿಗೆ ಹಾಕಿಕೊಂಡು ಬಂದರು.

"ಬಣ್ಣ ಎಂತಕ್ಕೆ ಮಾರಾಯ್ರೆ? ಕೆಂಪು ಒಳಗೇ ಉಂಟು, ಮೇಲಿನ ಮಾಸು ತೆಗೆದ್ರೆ ಆಯ್ತು. ನಾವು ಅಲ್ಲಿ ಹಲ್ಲುಜ್ಜುವ ಪೇಸ್ಟ್ ಹಾಕಿ ತಿಕ್ಕುದು."

ಗಾಜುಗಳನ್ನು ಬಿಚ್ಚಿ ಜಗಲಿಯಲ್ಲಿ ಕೂತೆವು. ಮೊದಲು ನೀರು ಹಾಕಿ ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಮತ್ತೆ ಪೇಸ್ಟ್ ಹಾಕಿ ಬೈರಾಸಿನಲ್ಲಿ ತಿಕ್ಕಿದೆವು. ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಆದರೆ ಒಂದು ಗಂಟೆಯಲ್ಲಿ ಎಡಗಡೆಯ ಗಾಜು ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗೆ ತಿಳಿಯಾಗಿ ಬಂತು. ಆ ಮನುಷ್ಯನ ಕಾಲಿಗೆ ಬೀಳುವಷ್ಟು ಖುಷಿಯಾಯಿತು.

ಅದೇ ಹುಮ್ಮಸ್ಸಿನಲ್ಲಿ ಅವರು ಬಲಗಡೆಯದ್ದನ್ನು ಎತ್ತಿಕೊಂಡರು. "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎನ್ನುತ್ತ ಹೆಬ್ಬೆರಳು ಒತ್ತಿದರು. ಚಟ್ ಎಂದಿತು. ಎರಡು ಹೋಳು. ಅವರು ಎರಡೂ ಹೋಳುಗಳನ್ನು ಜೋಡಿಸಿ ನೋಡಿ, "ಮಸ್ಕತ್ತಿನಲ್ಲಿ ಒಮ್ಮೆಯೂ ಹೀಗಾಗ್ಲಿಲ್ಲ" ಎಂದು ಎದ್ದು ಹೋದರು.

ಮರುದಿನ ಬೆಳಿಗ್ಗೆ ಹೆಂಡತಿ ಹಿಂಡಿ ಚಪ್ಪಟೆಯಾದ ಪೇಸ್ಟ್ ಟ್ಯೂಬ್ ಹಿಡಿದು ಜಗಲಿಗೆ ಬಂದಳು. ಬೈಗುಳಕ್ಕೆ ತಯಾರಾಗಿ ಕೂತೆ. ಅವಳು ಫಳಫಳ ಹೊಳೆಯುವ ಗಾಜನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದಳು, "ಮೂವತ್ತೈದು ವರ್ಷ ಆಯ್ತು ನಾನು ಬಂದು. ಈ ಮನೆಯ ಒಂದು ಲೋಟವನ್ನಾದರೂ ನೀವು ಇಷ್ಟು ಚಂದ ತೊಳೆದದ್ದುಂಟಾ?"

೩. ಏಳು ಎಡ

ಈಗ ಬೇಕಾದದ್ದು ಒಂದೇ ಒಂದು ಬಲಗಡೆ ಗಾಜು. ನನ್ನ ಕಾರಿನ ಮಾದರಿಯಲ್ಲಿ ಎಡದ್ದು ಬೇರೆ, ಬಲದ್ದು ಬೇರೆ. ಬ್ರೇಕಿನ ಕೆಂಪೂ ತಿರುಗುವ ಸೂಚನೆಯ ಹಳದಿಯೂ ಒಂದೇ ಗಾಜಿನಲ್ಲಿ ಕೆಳಗೆ ಮೇಲೆ ಇರುತ್ತವೆ. ಮೆಲ್ಕಾರಿನಿಂದ ಹೊರಟು ಬೆಳ್ತಂಗಡಿ, ಮೂಡುಬಿದಿರೆ ಎಂದು ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ಬಿಡದೆ ಹತ್ತಿ ಇಳಿದೆ. ಜನ ಎಷ್ಟು ಒಳ್ಳೆಯವರೆಂದರೆ, ಮಾಸ್ಟ್ರು ಅಂಬಾಸಿಡರ್ ಉಳಿಸಲು ಒದ್ದಾಡುತ್ತಿದ್ದಾರೆ ಎಂದು ಗೊತ್ತಾದದ್ದೇ ಅಟ್ಟ ಹತ್ತಿ, ಗೋಣಿ ಬಿಚ್ಚಿ, ಧೂಳು ಒರೆಸಿ ಗಾಜು ತಂದು ಕೈಗಿಟ್ಟರು. ಯಾರೂ ದುಡ್ಡು ಮುಟ್ಟಲಿಲ್ಲ. ಕೊಟ್ಟದ್ದೆಲ್ಲ ಎಡ. ಬೇಡ ಎಂದರೆ ಅವರಿಗೆ ಬೇಸರವಾದೀತೆಂದು ಎಲ್ಲವನ್ನೂ ತಂದೆ. ಮನೆಯಲ್ಲಿ ಏಳು ಸೇರಿದವು.

ಕೊನೆಗೆ ಮೂಡುಬಿದಿರೆಯ ಗುಜರಿ ಅಂಗಡಿಯ ಸಾಹೇಬರು ಗುಟ್ಟು ಬಿಡಿಸಿದರು. "ಬಲದ್ದು ಎಲ್ಲಿ ಉಳಿತದೆ ಮಾಸ್ಟ್ರೇ? ಬಸ್ಸಿನವರು ಓವರ್‌ಟೇಕ್ ಮಾಡಿ ಉಜ್ಜಿಕೊಂಡು ಹೋಗುದು ಬಲಗಡೆಯಿಂದ ಅಲ್ವಾ? ಇರ್ಲಿ, ನಾನು ವಿಚಾರಿಸ್ತೇನೆ."

ಅವರು ವಿಚಾರಿಸುವವರೆಗೆ ನನಗೆ ತಾಳ್ಮೆ ಬೇಕಲ್ಲ. ಆರ್‌ಟಿಒ ಆಫೀಸಿಗೆ ದಿನ ಬಿಟ್ಟು ದಿನ ಹೋದೆ. ಒಂದೇ ದೀಪ ಇದ್ದರೆ ಆಗುವುದಿಲ್ಲವೇ, ಹಗಲು ಮಾತ್ರ ಓಡಿಸುತ್ತೇನೆಂದು ಬರೆದುಕೊಟ್ಟರೆ ಹೇಗೆ, ಕೆಂಪು ಬಟ್ಟೆ ಕಟ್ಟಬಹುದೇ ಎಂದೆಲ್ಲ ಕೇಳಿದೆ. ಇನ್‌ಸ್ಪೆಕ್ಟರರು ಪ್ರತಿ ಸಲವೂ ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಇಲ್ಲ ಎನ್ನುತ್ತಿದ್ದರು.

ಒಂದು ದಿನ ನನಗೆ ಬುದ್ಧಿ ಹೊಳೆಯಿತು. ಏಳರಲ್ಲಿ ಒಂದು ಎಡವನ್ನು ತಲೆಕೆಳಗು ಮಾಡಿ ಬಲಕ್ಕೆ ಕೂರಿಸಿದೆ. ಸರಿಯಾಗಿ ಕೂತಿತು. ಪುನಃ ತಪಾಸಣೆಗೆ ಒಯ್ದೆ. ಇನ್‌ಸ್ಪೆಕ್ಟರರು ಕಾರಿನ ಹಿಂದೆ ನಿಂತು ಬ್ರೇಕ್ ಒತ್ತಲು ಹೇಳಿದರು. ಎಡಗಡೆ ಕೆಂಪು ಬಂತು, ಬಲಗಡೆ ಹಳದಿ ಬಂತು.

"ಮಾಸ್ಟ್ರೇ, ನಾನು ಎಂತ ಬರೆಯಲಿ?" ಎಂದರು. "ಅರ್ಧ ಕಾರು ನಿಲ್ತದೆ, ಉಳಿದ ಅರ್ಧ ತಿರುಗಿ ಮನೆಗೆ ಹೋಗ್ತದೆ ಅಂತ ಬರೆಯಲಾ?"

೪. ದೇವರಿಗೆ ಎಡ ಬಲ ಇಲ್ಲ

ಆರ್‌ಸಿ ಮುಗಿಯಲು ಹತ್ತು ದಿನ ಉಳಿದಿತ್ತು. ಹೆಂಡತಿ ಗುಜರಿಯ ಮಾತು ಎತ್ತದೆ ಸುಮ್ಮನಿದ್ದಳು. ಅವಳು ಸುಮ್ಮನಿರುವುದು ನನಗೆ ಇನ್ನೂ ಹೆದರಿಕೆ. ಆಗ ಸಾಹೇಬರ ಫೋನು ಬಂತು. ಹಿಂದೊಮ್ಮೆ ಬೆಳ್ತಂಗಡಿ ಕಡೆಯ ಒಂದು ರಬ್ಬರ್ ತೋಟದ ಮನೆಯಿಂದ ಅವರು ಅಂಬಾಸಿಡರ್ ತಂದಿದ್ದರಂತೆ. ಮನೆಯ ಯಜಮಾನಿ ಅದರ ಒಂದು ದೀಪದ ಗಾಜನ್ನು ಮಾತ್ರ ಕಳಚಿ ಇಟ್ಟುಕೊಂಡಿದ್ದರಂತೆ. ಎಡವೋ ಬಲವೋ ಸಾಹೇಬರಿಗೆ ನೆನಪಿರಲಿಲ್ಲ.

ಹೋಗುವಾಗ ಕಾಣಿಕೆಯ ಹಾಗೆ ಒಂದು ಎಡ ಗಾಜನ್ನು ಜೊತೆಗೆ ಒಯ್ದೆ. ಯಜಮಾನಿ ಎಪ್ಪತ್ತರ ಗಟ್ಟಿಗಿತ್ತಿ. ರಬ್ಬರ್ ಶೀಟು ಒಣಹಾಕುತ್ತಿದ್ದವರು ವಿಷಯ ಕೇಳಿ ನನ್ನನ್ನು ನೇರ ದೇವರ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ದೇವರ ಪಟದ ಮೇಲಿನ ಸಣ್ಣ ಬಲ್ಬಿಗೆ ಮುಚ್ಚಳವಾಗಿ ಕೂತಿತ್ತು ನನ್ನ ಗಾಜು. ಬಿಸಿಲು ಕಾಣದೆ ಹೊಸದರಂತೆ ಇತ್ತು. ಬಲ!

ದೇವರ ತಲೆಮೇಲಿನದ್ದನ್ನು ಕೊಡಿ ಎನ್ನುವುದು ಹೇಗೆ? ಅವರೇ ಸ್ಟೂಲ್ ಎಳೆದು ಹತ್ತಿ ಬಿಚ್ಚಿದರು. ನನ್ನ ಕೈಯಲ್ಲಿದ್ದ ಎಡವನ್ನು ತೆಗೆದುಕೊಂಡು ಅಲ್ಲಿಗೆ ಸಿಕ್ಕಿಸಿದರು.

"ಅಮ್ಮ, ಅದು ಎಡದ್ದು" ಎಂದೆ.

"ಇರ್ಲಿ. ದೇವರನ್ನು ಯಾರು ಓವರ್‌ಟೇಕ್ ಮಾಡ್ಲಿಕ್ಕುಂಟು?"

ಆ ತಾಯಿಗೆ ಕೈಮುಗಿದೆ. ಕಣ್ಣು ಒದ್ದೆಯಾದದ್ದನ್ನು ಹೇಳಲು ನನಗೇನೂ ನಾಚಿಕೆ ಇಲ್ಲ.

೫. ಮೂರು ಪೊಟ್ಟಣ

ಕಾರು ಪಾಸಾಯಿತು. ಇನ್‌ಸ್ಪೆಕ್ಟರರು ಬ್ರೇಕ್ ಮೂರು ಸಲ ಒತ್ತಿಸಿ, ಎರಡೂ ಕಡೆ ಕೆಂಪು ಬಂದದ್ದು ನೋಡಿ, ಸಹಿ ಹಾಕಿದರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಒಳಗೆ ಹೋಗಿ ಒಂದು ಪೊಟ್ಟಣ ಚಕ್ಕುಲಿ ತಂದಿಟ್ಟಳು.

"ಆದಿತ್ಯವಾರ ಅಜ್ಜನ ಕಟ್ಟೆಗೆ ಹೋಗುವ. ನಾನು ಹರಕೆ ಹೇಳಿದ್ದೇನೆ."

ನಮ್ಮ ಕಡೆ ಏನಾದರೂ ಕಳೆದರೆ, ಸಿಗದಿದ್ದರೆ, ಅಜ್ಜ ಎಂದು ಕರೆಯುವ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೆಲೆ ಕೊಡುತ್ತೇನೆಂದು ಹೇಳಿಕೊಳ್ಳುವುದುಂಟು.

"ಗುಜರಿಗೆ ಕೊಡುವ ಅಂದವಳು ನೀನೇ ಅಲ್ವಾ?" ಎಂದೆ.

"ಹಾಗೆ ಹೆದರಿಸದಿದ್ರೆ ನೀವು ಜಗಲಿ ಬಿಟ್ಟು ಏಳ್ತಿದ್ರಾ? ಅದು ನನ್ನ ಮದುವೆಯ ಕಾರು."

ಮೂವತ್ತೈದು ವರ್ಷದಲ್ಲಿ ಅವಳನ್ನು ಎಷ್ಟು ಕಡಿಮೆ ತಿಳಿದುಕೊಂಡಿದ್ದೇನೆ ಎಂದು ಆ ದಿನ ಗೊತ್ತಾಯಿತು.

ಆದಿತ್ಯವಾರ ಕಟ್ಟೆಗೆ ಹೋದರೆ ನೆರೆಮನೆಯ ಮಸ್ಕತ್ತಿನವರು ಚಕ್ಕುಲಿ ಹಿಡಿದು ನಿಂತಿದ್ದರು. "ಒಡೆದವನು ನಾನಲ್ವಾ? ಆ ದಿನವೇ ಹೇಳಿಕೊಂಡಿದ್ದೆ" ಎಂದರು ಮೆಲ್ಲಗೆ. ಒಂದು ತುಂಡು ಪ್ಲಾಸ್ಟಿಕ್ಕಿಗಾಗಿ ನನ್ನ ಜೊತೆ ಎಷ್ಟು ಜನ ಬೇಡಿಕೊಂಡಿದ್ದಾರೆ!

ಕೈಮುಗಿದು ತಿರುಗಿದರೆ ನಮ್ಮ ಹಿಂದೆ ಇನ್‌ಸ್ಪೆಕ್ಟರರು. ನನ್ನನ್ನು ಕಂಡದ್ದೇ ಕೈಯಲ್ಲಿದ್ದ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿದರು. ಆದರೆ ಚಕ್ಕುಲಿಯ ವಾಸನೆ ಅಡಗುತ್ತದೆಯೇ?

"ನಿಮ್ಮದು ಎಂತ ಕಳೆದಿತ್ತು ಸರ್?" ಎಂದೆ.

"ನೆಮ್ಮದಿ" ಎಂದರು. "ನೀವು ಆ ತಲೆಕೆಳಗಿನ ದೀಪ ತಂದ ದಿನ ಹೇಳಿಕೊಂಡದ್ದು."

ನನಗೆ ಹೃದಯ ತುಂಬಿ ಬಂತು. "ನನ್ನ ಕಾರು ಪಾಸಾಗಲಿ ಅಂತ ನೀವೂ ಹರಕೆ ಹೇಳಿದಿರಾ?"

"ಪಾಸು ಮಾಡುದು ನನ್ನ ಕೈಯಲ್ಲೇ ಉಂಟಲ್ವಾ, ಅದಕ್ಕೆ ಅಜ್ಜ ಎಂತಕ್ಕೆ? ನೀವು ಪುನಃ ಬಾರದ ಹಾಗೆ ನೋಡಿಕೋ ಅಂತ ಹೇಳಿದ್ದು."

"ಆದ್ರೆ ಸರ್, ಆರ್‌ಸಿ ಐದು ವರ್ಷಕ್ಕೆ ಮಾತ್ರ ಅಲ್ವಾ? ಆಮೇಲೆ ಪುನಃ ಬರಬೇಕಲ್ಲ" ಎಂದೆ.

ಅಷ್ಟು ದಿನದಲ್ಲಿ ಮೊದಲ ಸಲ ಆ ಮನುಷ್ಯ ನಕ್ಕರು. ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಕೈಯನ್ನು ಕಣ್ಣಿಗೊತ್ತಿಕೊಂಡು ಹೇಳಿದರು, "ಬನ್ನಿ ಮಾಸ್ಟ್ರೇ, ಧಾರಾಳ ಬನ್ನಿ. ನಾನು ರಿಟೈರ್ ಆಗ್ಲಿಕ್ಕೆ ನಾಲ್ಕೂವರೆ ವರ್ಷ ಉಂಟು."