ಕ್ಯಾಪ್ಟನ್ನರಿಗೆ ಹೊಸಲೋಕದಲ್ಲೊಬ್ಬ ಹೆಂಡತಿ

ಕ್ಯಾಪ್ಟನ್ ಎವಾರಿಸ್ತೊ ಸತ್ತರೂ ನನ್ನ ಕಣ್ಣಿಂದ ಒಂದು ಹನಿ ಉದುರುವುದಿಲ್ಲ ಎಂದು ನಾನು ಇಡೀ ಬೀದಿಗೆ ಸಾರಿದ್ದೆ. ಸುಮ್ಮನೆ ಸಾರಿದ್ದಲ್ಲ, ಸಂತ ಆಂತೋನಿಯ ಮೇಲೆ ಆಣೆ ಇಟ್ಟು! ವಿಧವೆಯರ ಕುಲಕ್ಕೆ ನಾನೇ ಧ್ವಜಸ್ತಂಭ ಎನ್ನುವ ಗತ್ತು.

ಈ ಕ್ಯಾಪ್ಟನ್ ನನ್ನ ಎದುರುಮನೆಯವರು. ಮಗ್ದಲೇನ ನದಿಯಲ್ಲಿ ಜನ್ಮವೆಲ್ಲ ಲಾಂಚ್ ಓಡಿಸಿದವರು. ಹೆಂಡತಿ ಇಲ್ಲ. ಸಂಜೆಯಾದರೆ ನನ್ನ ಜಗಲಿಯ ಮುಂದೆ ನಿಂತು ಒಂದೇ ಮಾತು: "ಡೊನ್ಯ ತೊಮಾಸ, ನಿಮ್ಮ ತೂಗುಕುರ್ಚಿ ಪಕ್ಕ ನನ್ನದೊಂದು ಇಡಲಾ?" ನಮ್ಮ ಬೀದಿಯಲ್ಲಿ ಹಾಗೆ ಕೇಳಿದರೆ ಅದಕ್ಕೆ ಎರಡು ಅರ್ಥವಿಲ್ಲ.

"ಜಗಲಿ ಚಿಕ್ಕದು, ಕ್ಯಾಪ್ಟನ್."

"ಕುರ್ಚಿಯೂ ಚಿಕ್ಕದೇ."

"ಕೂರೋರು ದೊಡ್ಡೋರಲ್ವಾ!"

ಆ ವಾರ ಅವರು ನದಿ ಹರಿದುಹೋಗುವ ಕಡೆ ಇರುವ ತಂಗಿಯ ಊರಿಗೆ ತಮ್ಮ ಲಾಂಚಿನಲ್ಲೇ ಹೊರಟರು. "ಬಂದ್ಮೇಲೆ ಕಡೇ ಸಲ ಕೇಳ್ತೀನಿ. ಇಲ್ಲ ಅಂದ್ರೆ ತಂಗಿ ಮನೇಲೇ ಇದ್ದುಬಿಡ್ತೀನಿ" ಎಂದರು. ಗಡಿಬಿಡಿಯಲ್ಲಿ ಹುಲ್ಲಿನ ಟೋಪಿ ನನ್ನ ಜಗಲಿಯಲ್ಲೇ ಉಳಿಯಿತು. ಮರೆತರೋ, ಬೇಕೆಂದೇ ಬಿಟ್ಟರೋ!

ಇನ್ನು ನನ್ನ ಮೊಮ್ಮಗಳು ಯುಲಿಸಾ. ಅವಳಿಗೆ ಮೈಗಂಟಿದ ಬಟ್ಟೆ ತೊಟ್ಟು ಲೋಕ ಕಾಯುವ ವೀರರ ಸಿನಿಮಾ ಹುಚ್ಚು. ನೋಡುವುದು ಒಂದು ಮಧ್ಯಾಹ್ನ. ಮುಂದಿನ ಭಾಗದಲ್ಲಿ ಯಾರು ಸಾಯುತ್ತಾರೆ, ಸತ್ತವರಲ್ಲಿ ಯಾರು ಎದ್ದು ಬರುತ್ತಾರೆ ಎಂದು ಗೆಳತಿ ಮಯೆರ್ಲಿಯೊಡನೆ ಕಾದಾಡುವುದು ವರ್ಷವಿಡೀ! ಪರದೆಯ ಮೇಲೆ ಹೆಸರುಗಳೆಲ್ಲ ಓಡಿ ಮುಗಿದರೂ ಇಬ್ಬರೂ ಏಳುವುದಿಲ್ಲ. "ಆಮೇಲೆ ಒಂದು ಚೂರು ಇಟ್ಟಿರ್ತಾರಜ್ಜಿ, ಅಸಲಿ ಗುಟ್ಟು ಅದ್ರಲ್ಲೇ!"

ಆವತ್ತು "ಮಯೆರ್ಲಿ ಮನೇಲಿ ಲೆಕ್ಕ ಓದ್ಕೋತೀವಿ" ಎಂದು ಹೋದವಳು, ಗೆಳತಿಯ ಹೆಗಲಿಗೆ ಆತುಕೊಂಡು ಗೋಳೋ ಎನ್ನುತ್ತ ಬಂದಳು.

"ಅಜ್ಜೀ, ಕ್ಯಾಪ್ಟನ್ ಹೋಗ್ಬಿಟ್ಟ!"

'ಹೋಗ್ಬಿಟ್ರು' ಅನ್ನಬೇಕಿತ್ತು. ದುಃಖದಲ್ಲಿ ಹುಡುಗಿ ಮರ್ಯಾದೆ ಮರೆತಳು ಎಂದುಕೊಂಡೆ.

"ಹೇಗೇ?"

"ಹಡಗು ಸಿಡೀತು. ದೇಹಾನೂ ಸಿಗ್ಲಿಲ್ಲ!" ಎಂದವಳೇ ಗೆಳತಿಯನ್ನೆಳೆದುಕೊಂಡು ಕೋಣೆ ಸೇರಿದಳು.

ನನ್ನ ಕೈಲಿದ್ದ ಸೌಟು ಬಿತ್ತು. ಆ ಲಾಂಚಿನ ಇಂಜಿನ್ನು ಕೆಮ್ಮುತ್ತದೆ, ರಿಪೇರಿ ಮಾಡಿಸಿ ಎಂದು ನಾನೇ ಹೇಳಿದ್ದೆನಲ್ಲ! ಕಣ್ಣಿಗೆ ಏನೋ ಬಂತು. ಈರುಳ್ಳಿ ಎಂದು ಹೇಳೋಣವೆಂದರೆ ಆವತ್ತು ಹೆಚ್ಚಿದ್ದು ಬಾಳೆಕಾಯಿ.

ಪಕ್ಕದ ಮನೆಯ ಪ್ರಿಸ್ಕಳಿಗೆ ಹೇಳಿದೆ. ಪ್ರಿಸ್ಕಳಿಗೆ ಹೇಳುವುದೂ ಒಂದೇ, ಗಂಟೆ ಬಾರಿಸುವುದೂ ಒಂದೇ. ಸೂರ್ಯ ಇಳಿಯುವ ಮೊದಲೇ ಬೀದಿಯಲ್ಲಿ ಸಾಲು ಸಾಲು ಕುರ್ಚಿ! ಕಾಫಿ ಕುದಿಯಿತು. ಚೀಸಿನ ರೊಟ್ಟಿ ಬಂತು. ಒಬ್ಬಳಿಗಂತೂ ಹಿಂದಿನ ದಿನವೇ ಕನಸಾಗಿತ್ತಂತೆ! ನಮ್ಮಲ್ಲಿ ಸತ್ತವರಿಗಾಗಿ ಒಂಬತ್ತು ಸಂಜೆ ಜಪಮಾಲೆ ಹಿಡಿದು ಪ್ರಾರ್ಥಿಸಬೇಕು. ನಮ್ಮ ಬೀದಿಯಲ್ಲಿ ಅದನ್ನು ನಡೆಸಿಕೊಡುವವಳು ನಾನೇ. ಜಗಲಿಯ ಮೇಲೆ ಬಿಳಿ ಬಟ್ಟೆ ಹಾಸಿ, ಆತ್ಮದ ಬಾಯಾರಿಕೆಗೆ ಲೋಟದಲ್ಲಿ ನೀರಿಟ್ಟು, ಫೋಟೋ ಇಲ್ಲದ ಕಾರಣ ಟೋಪಿಯನ್ನೇ ಕೂರಿಸಿದೆ.

ಜಪ ಅರ್ಧಕ್ಕೆ ಬಂದಿತ್ತು. ಬೆನ್ನ ಹಿಂದಿನ ಕಿಟಕಿಯಿಂದ ಹುಡುಗಿಯರ ಮಾತು ಕೇಳಿಸಿತು.

"ಸತ್ತಿಲ್ಲ ಕಣೇ! ಹೆಣ ತೋರಿಸಿದ್ರಾ? ಇಲ್ವಲ್ಲ! ಹೊಸಲೋಕಕ್ಕೆ ಜಾರ್ಕೊಂಡಿದಾನೆ."

ಜಪಮಣಿಗಳನ್ನು ಎಣಿಸುತ್ತಿದ್ದ ನನ್ನ ಬೆರಳು ನಿಂತಿತು. ಹೊಸಲೋಕ ಗೊತ್ತಿಲ್ಲವೇ ನನಗೆ? ಇಲ್ಲಿಂದ ಲಾಂಚಿನಲ್ಲಿ ಹೋದರೆ ಹಂದಿ ಸಂತೆಯ ಊರಾದ ಮೇಲೆ ಲಾಂಚು ನಿಲ್ಲುವ ದಕ್ಕೆಯ ಹೆಸರು ಅದೇ!

"ಅಲ್ಲಿ ಅವನಿಗೆ ಹೆಂಡ್ತಿ ಬೇರೆ ಇದಾಳೆ. ಅವಳಿ ಮಕ್ಳು!"

"ಯಾರೇ, ಆ ಕೆಂಚುಗೂದಲಿನೋಳಾ?"

"ಅವ್ಳೇ. ಹಾರಾಡ್ತಾಳಲ್ಲ, ಅವ್ಳೇ!"

ಹಾರಾಡುವವಳೇ ಇರಬೇಕು, ಮತ್ತೆ! ನದಿಯ ಗಂಡಸರಿಗೆ ದಕ್ಕೆಗೊಂದು ಸಂಸಾರ ಎಂದು ನನ್ನ ಅತ್ತೆ ಸುಮ್ಮನೆ ಹೇಳಿದ್ದಲ್ಲ. ತಂಗಿಯ ಊರಂತೆ, ತಂಗಿ! ಹರಿಯುತ್ತಿದ್ದ ಕಣ್ಣೀರು ಕುದಿಯತೊಡಗಿತು. "ಇವರಿಗೆ ನಿತ್ಯ ವಿಶ್ರಾಂತಿ ದಯಪಾಲಿಸು" ಎನ್ನಬೇಕಾದ ಕಡೆ ನನ್ನ ಬಾಯಿಂದ ಬಂದದ್ದು:

"ವಿಶ್ರಾಂತಿ ಯಾಕೆ ಸ್ವಾಮಿ, ಹೊಸಲೋಕದಲ್ಲಿ ಬೇಕಾದಷ್ಟು ತಗೊಂಡಿದಾನೆ!"

"ಆಮೆನ್!" ಎಂದರು ಎಲ್ಲರೂ, ಅಭ್ಯಾಸಬಲದಿಂದ.

ಅದೇ ಹೊತ್ತಿಗೆ ಪ್ರಿಸ್ಕ ಹಿಂದಿನ ಸಾಲಿಗೆ ಕಾಫಿ ಒಯ್ದಿದ್ದಳು. ಅಲ್ಲಿ ಮಡಿಲಲ್ಲಿ ಒಣಮೀನಿನ ಗಂಟಿಟ್ಟುಕೊಂಡು ಭಕ್ತಿಯಿಂದ ಆಮೆನ್ ಹೇಳುತ್ತಿದ್ದವರೊಬ್ಬರು ಲೋಟ ತೆಗೆದುಕೊಂಡು ಪಿಸುಗುಟ್ಟಿದರು: "ಪಾಪ, ಯಾರಮ್ಮ ತೀರ್ಕೊಂಡಿದ್ದು?"

"ಕ್ಯಾಪ್ಟನ್ ಎವಾರಿ…" ಎಂದ ಪ್ರಿಸ್ಕ ತಲೆ ಎತ್ತಿ ನೋಡಿದಳು. ತಟ್ಟೆ, ಲೋಟ, ಪ್ರಿಸ್ಕ, ಎಲ್ಲ ಒಟ್ಟಿಗೆ ನೆಲಕ್ಕೆ!

ಅರ್ಧ ಬೀದಿ ಓಡಿತು. ಉಳಿದರ್ಧ ಶಿಲುಬೆಯ ಗುರುತು ಹಾಕಿಕೊಂಡಿತು. ನಾನು ಓಡಲಿಲ್ಲ. ಜಪಮಾಲೆಯನ್ನು ಚಾಟಿಯ ಹಾಗೆ ಹಿಡಿದು ನೇರ ಅವರ ಎದುರು ನಿಂತೆ.

"ಹೊಸಲೋಕದೋಳು ಯಾರು?"

"ಡೊನ್ಯ, ನಾನು ಬದುಕಿದೀನಿ…"

"ಅದು ಕಾಣ್ತಿದೆ! ಆ ಕೆಂಚುಗೂದಲಿನೋಳು ಯಾರು ಅಂದೆ! ಅವಳಿ ಮಕ್ಕಳ ತಾಯಿ!"

ಕಿಟಕಿಯಿಂದ ಯುಲಿಸಾ ಕಿರುಚಿದಳು: "ಅಜ್ಜೀ! ಅದು ಸಿನಿಮಾದ ಕ್ಯಾಪ್ಟನ್! ಹೊಸಲೋಕ ಅಂದ್ರೆ ಆಕಾಶದಾಚೆ ಇರೋದು! ಅವ್ಳು ನಿಜವಾಗ್ಲೂ ಹಾರ್ತಾಳೆ!"

ಲೆಕ್ಕ ಓದಲು ಹೋದವಳಿಗೆ ಸಿನಿಮಾ ಹೇಗೆ ಗೊತ್ತಾಯಿತು ಎಂದು ಗದರೋಣವೆಂದು ಕಿಟಕಿಯತ್ತ ತಿರುಗಿದೆ.

ಕ್ಯಾಪ್ಟನ್ ಒಣಮೀನಿನ ಗಂಟನ್ನು ಈ ತೊಡೆಯಿಂದ ಆ ತೊಡೆಗೆ ಇಟ್ಟುಕೊಂಡು ಮೆಲ್ಲಗೆ ಕೇಳಿದರು: "ನಾನು ಸತ್ತೆ ಅಂತ ಅತ್ತರಾ ಇವ್ರು?"

"ಅತ್ತಳಾ?" ನೆಲದಿಂದಲೇ ಪ್ರಿಸ್ಕ ಉತ್ತರ ಕೊಟ್ಟಳು. "ಕಾಫಿ ಕುಡಿದು ನೋಡಿ. ಸಕ್ಕರೆ ಹಾಕಿದ್ದು ನಾನು, ಉಪ್ಪು ಅವಳದ್ದು!"

ನಾನು ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಹೊರಗೆ ನಗು, ಕೆಮ್ಮು, ಕುರ್ಚಿ ಎಳೆಯುವ ಸದ್ದು. ಆಮೇಲೆ ಎಲ್ಲ ಶಾಂತ. ಜನ ಹೋದರು ಎಂದುಕೊಂಡು ನೀರಿನ ಲೋಟ ಎತ್ತಿಡಲು ಹೊರಬಂದೆ. ಜಗಲಿಯಲ್ಲಿ ಕ್ಯಾಪ್ಟನ್ ಒಬ್ಬರೇ ನಿಂತಿದ್ದರು.

"ಟೋಪಿ ತಗೊಂಡು ಹೋಗೋಣ ಅಂತ."

ಕೊಟ್ಟೆ. ಅವರು ಹಾಕಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ತಿರುಗಿಸುತ್ತ ನಿಂತರು.

"ಕಡೇ ಸಲ ಕೇಳ್ತೀನಿ ಅಂದಿದ್ದೆ. ಕುರ್ಚಿ ಇಡಲಾ?"

ಸಂತ ಆಂತೋನಿ ಆಣೆ ನೆನಪಾಯಿತು. ಮುರಿದದ್ದು ಹೇಗೂ ಮುರಿದಿತ್ತು.

"ಇಡಿ" ಎಂದೆ. "ಆದ್ರೆ ಹೊಸಲೋಕದ ಕಡೆ ಮುಖ ಮಾಡಿ ಇಡ್ಬೇಡಿ."

ಹೋ ಎಂದು ಚಪ್ಪಾಳೆ! ತಿರುಗಿ ನೋಡಿದರೆ ಇಡೀ ಬೀದಿ ಮಾವಿನ ಮರದ ಮರೆಯಲ್ಲಿ ಕುರ್ಚಿ ಹಾಕಿ, ಉಸಿರು ಬಿಗಿಹಿಡಿದು ಕೂತಿದೆ! ಮುಂದಿನ ಸಾಲಿನಲ್ಲಿ ರೊಟ್ಟಿ ಮೆಲ್ಲುತ್ತಿರುವ ಪ್ರಿಸ್ಕ!

"ನೀವ್ಯಾರೂ ಮನೆಗೆ ಹೋಗ್ಲಿಲ್ವಾ?"

"ಎಲ್ರೂ ಹೊರಟಿದ್ರಜ್ಜಿ" ಎಂದಳು ಯುಲಿಸಾ. "ನಾನೇ ಕೂರ್ಸಿದೆ. ಎಲ್ಲ ಮುಗೀತು ಅಂದ್ಮೇಲೂ ಒಂದು ಚೂರು ಇಟ್ಟಿರ್ತಾರೆ ಅಂತ!"