ಮಾವನ ಹೈಬ್ರಿಡ್ ಕಾರು, ಅತ್ತೆಯ ವಾಕರಿಕೆ

ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರನ್ನು ಜಗತ್ತಿಗೆ ಕೊಟ್ಟವರು ರಾಣೆಬೆನ್ನೂರಿನ ನನ್ನ ಸೋದರಮಾವ. ಜಪಾನಿನವರು ಒಪ್ಪುವುದಿಲ್ಲ. ಅದು ಅವರ ಸಣ್ಣತನ, ನಾವೇನು ಮಾಡಲಾದೀತು?

ಮಾವನದು ಹೈಬ್ರಿಡ್ ಹತ್ತಿ ಬೀಜ ಮಾಡಿಸುವ ಕೆಲಸ. ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ಗುರುತಿಗೆ ದಾರ ಕಟ್ಟಿಸುತ್ತಲೇ ತಲೆ ಹಣ್ಣಾದವರು. ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ ಪೇಪರಿನಲ್ಲಿ ಅಂಥ ಕಾರಿನ ಚಿತ್ರ ನೋಡಿ, "ಇದರಾಗೇನೈತಿ? ಪೆಟ್ರೋಲ್ ಗಂಡು, ಬ್ಯಾಟರಿ ಹೆಣ್ಣು. ಕ್ರಾಸ್ ಮಾಡಿದ್ರ ಆತು!" ಎಂದುಬಿಟ್ಟರು.

ನಿಜವಾದ ಕಾರಣ ಅತ್ತೆ. ಪೆಟ್ರೋಲ್ ವಾಸನೆಗೇ ಅವರಿಗೆ ಹೊಟ್ಟೆ ತೊಳಸುತ್ತದೆ. ಮದುವೆಯ ಮೆರವಣಿಗೆಯ ಕಾರಿನಲ್ಲಿ ಮಾವನ ಹೊಸ ಧೋತರದ ಮೇಲೆಯೇ ವಾಂತಿ ಮಾಡಿಕೊಂಡವರು, ಮತ್ತೆ ಕಾರು ಹತ್ತಿರಲಿಲ್ಲ. ಬ್ಯಾಡಗಿಯ ತವರಿಗೂ ರೈಲೇ. ಒಮ್ಮೆಯಾದರೂ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ತವರಿಗೆ ಕಾರಿನಲ್ಲಿ ಹೋಗಬೇಕೆಂಬುದು ಮಾವನ ಜೀವದ ಆಸೆ.

ಹಳೆಯದೊಂದು ಸಣ್ಣ ಕಾರು ಬಂತು. ಹಾವೇರಿಯ ಮೆಕ್ಯಾನಿಕ್ ಮೋಟರು ಕೂಡಿಸತೊಡಗಿದ. ಆದರೆ ಹತ್ತಿ ಹೂವಿನಂತೆ ವೈರುಗಳನ್ನೂ ಬೆಳಿಗ್ಗೆ ಹನ್ನೊಂದರೊಳಗೇ ಜೋಡಿಸಬೇಕೆಂದು ಮಾವನ ಹಟ! "ಬಿಸಲೇರಿದ ಮ್ಯಾಲ ಕೂಡಿಸಿದ್ರ ಕಾಯಿ ಕಟ್ಟೂದಿಲ್ಲೋ!" ಜೋಡಿಸಿದ ಪ್ರತಿ ವೈರಿಗೂ ಕೆಂಪು ದಾರ ಬೇರೆ. "ಸಾಹುಕಾರ್ರ, ಇದು ಕಾರ್ರೀ, ಹತ್ತಿ ಗಿಡ ಅಲ್ಲ" ಎಂದು ಮೆಕ್ಯಾನಿಕ್ ಕೈಮುಗಿದ. ಅಷ್ಟಾದರೂ ಕಾರು ಓಡಿತು. ಹೇಗೆ ಎಂದು ಮಾತ್ರ ಕೇಳಬೇಡಿ.

ಓಡಿದರೆ ಸಾಕೇ? ಅತ್ತೆ ಕೂರುವ ಕಾರು ಚೆಂದವೂ ಇರಬೇಡವೇ? ಬ್ಯಾಡಗಿ ಮೆಣಸಿನಕಾಯಿಯ ಬಣ್ಣವೇ ಬೇಕೆಂದು ಪೇಂಟರನ ಕೈಗೆ ಒಂದು ಕಾಯಿ ಕೊಟ್ಟರು. ಆತ ಥೇಟ್ ಅದೇ ಬಣ್ಣ ಬಳಿದ. ಮಾವನ ಮುಖ ಬಾಡಿತು.

"ಬಣ್ಣ ಬರೋಬರಿ ಐತಿ. ಸುಕ್ಕು ಎಲ್ಲೈತಿ? ಸುಕ್ಕಿಲ್ಲದ್ದು ಬ್ಯಾಡಗಿ ಕಾಯಿ ಹೆಂಗಾಗತೈತಿ?"

"ನಾಕ್ ದಿನ ರಸ್ತೇದಾಗ ಓಡಸ್ರಿ, ತಾನ ಬರತಾವ," ಎಂದ ಪೇಂಟರ್.

ಬ್ಯಾಟರಿಯಲ್ಲಿ ಹೊರಟರೆ ಸದ್ದೇ ಇಲ್ಲ. ಎಮ್ಮೆಗಳು ದಾರಿ ಬಿಡಲಿಲ್ಲ. ಮಾವ ಬಂಪರಿಗೆ ಹೋರಿಯ ಗೆಜ್ಜೆಸರ ಕಟ್ಟಿ, ಅಂದಕ್ಕೆಂದು ಕೊಬ್ಬರಿ ಹಾರವನ್ನೂ ಹಾಕಿದರು. ನಮ್ಮ ಕಡೆ ದೀಪಾವಳಿ ಬಂತೆಂದರೆ ಹೀಗೇ ಸಿಂಗರಿಸಿದ ಹೋರಿಯನ್ನು ಓಡಿಸುತ್ತಾರೆ, ಬೆನ್ನಟ್ಟಿ ಕೊಬ್ಬರಿ ಕಿತ್ತವನೇ ಗಂಡು. ಓಣಿಯ ಪೈಲ್ವಾನರು ಸುಮ್ಮನಿರುತ್ತಾರೆಯೇ? ಹೋ ಎಂದು ಕಾರಿನ ಬೆನ್ನು ಬಿದ್ದರು! ಮಾವ ನಿಲ್ಲಿಸುವುದು ಬಿಟ್ಟು ಇನ್ನೂ ಜೋರಾಗಿ ಓಡಿಸಿದರು. ಮನೆ ಮುಟ್ಟಿ, "ಖರೇ ಮಜಾ ಅಂದ್ರ ಇದು! ಒಬ್ರ ಕೈಗೂ ಸಿಗಲಿಲ್ಲ" ಎಂದು ಬೀಗಿದರು. ಹಾರದಲ್ಲಿ ದಾರವೊಂದೇ ಉಳಿದಿತ್ತು.

ಕೊನೆಗೂ ಅತ್ತೆ ತವರಿಗೆಂದು ಕಾರು ಹತ್ತಿದರು. ಹಿಂದೆ ನಾನು. ಹೆದ್ದಾರಿಯಲ್ಲಿ ಅರ್ಧ ದಾರಿ ಸುಖವಾಗಿ ಸಾಗಿತು. ಆಮೇಲೆ ಬ್ಯಾಟರಿ ಮುಗಿಯಿತು. ಮಾವ ಪೆಟ್ರೋಲಿಗೆ ಬದಲಿಸಲಿಲ್ಲ. ಇಳಿದು ದೂಡತೊಡಗಿದರು! ಸುಡು ಬಿಸಿಲು, ಅರವತ್ತರ ವಯಸ್ಸು. ನಾನೂ ಇಳಿದೆ.

"ಪೆಟ್ರೋಲ್ ಮ್ಯಾಲ ಚಾಲೂ ಮಾಡ್ರಿ," ಅತ್ತೆ ಕಿಟಕಿಯಿಂದ ಕೂಗಿದರು.

"ಬ್ಯಾಡ. ನಿನಗ ತ್ರಾಸ ಆಗತೈತಿ."

"ಆದ್ರ ಆಗ್ಲಿ. ಮೊದಲ ನೀವು ಬಂದು ಕುಂದರ್ರಿ."

ಮಾವ ಸೋತು ಬಂದು ಕೂತರು. ಬ್ಯಾಡಗಿ ಮುಟ್ಟುವಷ್ಟರಲ್ಲಿ ಅತ್ತೆಗೆ ಎರಡು ಸಲ ವಾಂತಿಯಾಯಿತು. ಎರಡು ಸಲವೂ ಮಾವ ಕಾರು ನಿಲ್ಲಿಸಿ ಅವರ ಹಣೆ ಹಿಡಿದುಕೊಂಡರು. "ನಾಳೇನ ಇದನ್ನ ಮಾರಿಬಿಡ್ತೇನಿ," ಎಂದರು. ಅಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ತವರಿನ ಬಾಗಿಲಲ್ಲಿ ಅತ್ತೆಯ ಅಕ್ಕ ನಿಂತಿದ್ದರು. "ಕಾರಿನಾಗ ಬಂದಿಯಾ? ತ್ರಾಸ ಆಗಲಿಲ್ಲೇನ?"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಇಲ್ಲಕ್ಕಾ, ಭಾಳ ಆರಾಮಿತ್ತು. ಒಂದ್ ಸಲಾನೂ ವಾಕರಿಕಿ ಬರಲಿಲ್ಲ. ಹೋಗಾಗೂ ಇವರ ಬಾಜೂಕನ ಕುಂತು ಹೋಗ್ತೇನಿ."